ಮಗುವಿಗೆ ಸತ್ಯ ಹೇಳಿದ ಮನೆ

ಅಮೆರಿಕದ ಅಟ್ಲಾಂಟಾ ನಗರದ ಆಬರ್ನ್ ಅವೆನ್ಯೂದಲ್ಲಿ ಒಂದು ಎರಡಂತಸ್ತಿನ ಮನೆ. ನಡೆದು ಹೋಗುವಷ್ಟು ದೂರದಲ್ಲಿ ಎಬೆನೇಜರ್ ಬ್ಯಾಪ್ಟಿಸ್ಟ್ ಚರ್ಚ್. ಅಜ್ಜ ಎ.ಡಿ. ವಿಲಿಯಮ್ಸ್ ಅಲ್ಲಿ ಪಾಸ್ಟರ್. ಅವರ ನಂತರ ಅಳಿಯ ಮಾರ್ಟಿನ್ ಲೂಥರ್ ಕಿಂಗ್ ಸೀನಿಯರ್. ವಿಲಿಯಮ್ಸ್ ಅವರ ಮಗಳು, ಸೀನಿಯರ್ ಕಿಂಗ್ ಪತ್ನಿ ಆಲ್ಬರ್ಟಾ ಅದೇ ಚರ್ಚಿನ ಆರ್ಗನ್ ವಾದಕಿ. 1929ರ ಜನವರಿ 15ರಂದು ಈ ಮನೆಯಲ್ಲಿ ಈ ದಂಪತಿಗೆ ಹುಟ್ಟಿದ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ಭಾಷಣಗಳನ್ನು ಜಗತ್ತು ಕೇಳಿದೆ. ಆ ಭಾಷಣಗಳಿಗೆ ಬೇರು ಕೊಟ್ಟ ಮನೆಮಾತುಗಳನ್ನು ಕೇಳಿಸಿಕೊಂಡವರು ಕಡಿಮೆ.

ಊಟದ ಹೊತ್ತಿನ ಪಾಠ

ಎದುರಿನ ಅಂಗಡಿಯ ಬಿಳಿಯರ ಹುಡುಗ ಪುಟ್ಟ ಮಾರ್ಟಿನ್‌ನ ಗೆಳೆಯ. ಆರು ವರ್ಷವಾಗುತ್ತಲೇ ಇಬ್ಬರೂ ಬೇರೆ ಬೇರೆ ಶಾಲೆಗೆ ಸೇರಿದರು. ಒಂದು ದಿನ ಆ ಹುಡುಗ ಬಂದು, ಇನ್ನು ನಿನ್ನ ಜೊತೆ ಆಡಬಾರದಂತೆ, ಅಪ್ಪ ಹೇಳಿದ್ದಾರೆ ಎಂದ. ಊಟಕ್ಕೆ ಕುಳಿತಾಗ ಮಾರ್ಟಿನ್ ಅಪ್ಪ-ಅಮ್ಮನನ್ನು ಕಾರಣ ಕೇಳಿದ. ಅವರು ಮಾತು ಮರೆಸಲಿಲ್ಲ. ಗುಲಾಮಗಿರಿ ಹೇಗೆ ಬಂತು, ಬಿಳಿಯರಿಗೂ ಕರಿಯರಿಗೂ ಶಾಲೆ, ಹೋಟೆಲು, ನೀರಿನ ನಲ್ಲಿ ಏಕೆ ಬೇರೆ ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಇದು ದೇವರು ಮಾಡಿದ ಕಟ್ಟಳೆಯಲ್ಲ, ನೀನು ಯಾರಿಗೂ ಕಡಿಮೆಯಲ್ಲ ಎಂದು ತಾಯಿ ಮನಸ್ಸಿಗೆ ನಾಟುವಂತೆ ಹೇಳಿದರು. ಬಿಳಿಯರನ್ನು ದ್ವೇಷಿಸಬೇಡ, ಪ್ರೀತಿಸುವುದು ಕ್ರೈಸ್ತನ ಕರ್ತವ್ಯ ಎಂದೂ ಸೇರಿಸಿದರು. ತನ್ನನ್ನು ದ್ವೇಷಿಸುವವರನ್ನು ಪ್ರೀತಿಸುವುದು ಹೇಗೆ ಎಂಬ ಪ್ರಶ್ನೆ ಆ ಹುಡುಗನನ್ನು ವರ್ಷಗಟ್ಟಲೆ ಕಾಡಿತು.

ತಂದೆ ನಡೆದು ತೋರಿಸಿದರು. ಚಪ್ಪಲಿ ಅಂಗಡಿಯಲ್ಲಿ ಹಿಂದಿನ ಸಾಲಿಗೆ ಹೋಗಿ ಕುಳಿತರೆ ಮಾತ್ರ ವ್ಯಾಪಾರ ಎಂದಾಗ, ಮಗನ ಕೈಹಿಡಿದು ಬರಿಗೈಯಲ್ಲೇ ಹೊರನಡೆದರು.

ಮನೆಯ ಮಾತು, ಊರಿನ ಮಾತು

1955ರ ಡಿಸೆಂಬರ್ 1ರಂದು ಮಾಂಟ್ಗೊಮರಿಯಲ್ಲಿ ಕರಿಯ ಮಹಿಳೆ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗೆ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲ. 381 ದಿನಗಳ ಬಸ್ ಬಹಿಷ್ಕಾರಕ್ಕೆ ಅದೇ ನಾಂದಿಯಾಯಿತು. ಆ ಊರಿನ ಚರ್ಚಿಗೆ ಪಾಸ್ಟರ್ ಆಗಿ ಬಂದಿದ್ದ ಜೂನಿಯರ್ ಕಿಂಗ್ ಚಳವಳಿಯ ಮುಂದಾಳಾದರು. ಚರ್ಚುಗಳಲ್ಲಿ ಸಭೆಗಳು ತುಂಬಿ ತುಳುಕಿದವು. ಪ್ರಾರ್ಥನೆ, ಹಾಡು, ಲೆಕ್ಕಪತ್ರ, ನಾಳೆ ಕೆಲಸಕ್ಕೆ ಹೋಗುವವರಿಗೆ ಕಾರು ಹೊಂದಿಸುವುದು ಎಲ್ಲವೂ ಒಂದೇ ಸೂರಿನಡಿ ನಡೆಯಿತು.

1956ರ ಜನವರಿ 30ರ ರಾತ್ರಿ ಕಿಂಗ್ ಅವರ ಮನೆಯ ಮೇಲೆ ಬಾಂಬ್ ಬಿತ್ತು. ಒಳಗಿದ್ದವರು ಪತ್ನಿ ಕೊರೆಟಾ, ಎರಡೂವರೆ ತಿಂಗಳ ಕೂಸು ಯೋಲಾಂಡಾ ಮತ್ತು ಚರ್ಚಿನ ಒಬ್ಬ ಗೆಳತಿ. ಯಾರಿಗೂ ಗಾಯವಾಗಲಿಲ್ಲ. ಆದರೆ ಸಿಟ್ಟಿಗೆದ್ದ ಜನ ಆಯುಧ ಹಿಡಿದು ಅಂಗಳದಲ್ಲಿ ಸೇರಿದರು. ಒಡೆದ ಜಗಲಿಯ ಮೇಲೆ ನಿಂತು ಕಿಂಗ್, ಆಯುಧಗಳನ್ನು ಮನೆಗೆ ಒಯ್ಯಿರಿ, ಶತ್ರುವನ್ನೂ ಪ್ರೀತಿಸಬೇಕು ಎಂದು ಕೇಳಿಕೊಂಡರು. ಜನ ಚದುರಿದರು.

ಕೆಲವೇ ವಾರಗಳಲ್ಲಿ ಬಹಿಷ್ಕಾರದ ಮುಖಂಡರ ಮೇಲೆ ಮೊಕದ್ದಮೆ ಬಿತ್ತು. ಆಗ ಅಟ್ಲಾಂಟಾಕ್ಕೆ ಬಂದಿದ್ದ ಮಗ ಮಾಂಟ್ಗೊಮರಿಗೆ ಮರಳಿದರೆ ಬದುಕಿ ಉಳಿಯುವುದಿಲ್ಲ ಎಂಬ ಭಯದಿಂದ ಹಿರಿಯ ಕಿಂಗ್ ಅಟ್ಲಾಂಟಾದ ಹಿರಿಯರನ್ನು ಮನೆಗೆ ಕರೆಸಿ ಬುದ್ಧಿ ಹೇಳಿಸಿದರು. ತನ್ನವರು ಜೈಲಿನ ಬಾಗಿಲಲ್ಲಿರುವಾಗ ತಾನಿಲ್ಲಿ ಉಳಿಯಲಾರೆ ಎಂದ ಮಗ. ಅಪ್ಪ ಗಳಗಳನೆ ಅತ್ತುಬಿಟ್ಟರು. ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷ ಬೆಂಜಮಿನ್ ಮೇಸ್ ಮಗನ ಪರ ನಿಂತರು. ಕೊನೆಗೆ ಅಪ್ಪನೂ ಮಗನ ಜೊತೆಗೇ ಮಾಂಟ್ಗೊಮರಿಗೆ ಹೊರಟರು.

ಪುಟ್ಟ ಮಾರ್ಟಿನ್ ಊಟದ ಹೊತ್ತಿನಲ್ಲಿ ಕೇಳಿದ್ದಂಥ ಪ್ರಶ್ನೆಯೇ ಮುಂದೆ ಮಗಳು ಯೋಲಾಂಡಾಳಿಂದ ಬಂತು. ಟಿ.ವಿ.ಯಲ್ಲಿ ಫನ್‌ಟೌನ್ ಎಂಬ ಮನರಂಜನಾ ಪಾರ್ಕಿನ ಜಾಹೀರಾತು ನೋಡಿ, ಅಲ್ಲಿಗೆ ಕರೆದುಕೊಂಡು ಹೋಗು ಎಂದು ಆಕೆ ಹಠ ಹಿಡಿದಳು. ಅಲ್ಲಿ ಕರಿಯ ಮಕ್ಕಳಿಗೆ ಪ್ರವೇಶವಿಲ್ಲ ಎಂದು ಹೇಳಬೇಕಾದ ಅಪ್ಪನ ನೋವನ್ನು 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಕಿಂಗ್ ಹೇಳಿಕೊಂಡಿದ್ದಾರೆ.

ದುಃಖದಲ್ಲೂ ತಪ್ಪದ ಮಾತು

ಈ ಕುಟುಂಬ ತೆತ್ತ ಬೆಲೆ ದೊಡ್ಡದು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಕಿಂಗ್ ಗುಂಡಿಗೆ ಬಲಿಯಾದರು. ನಾಲ್ಕೇ ದಿನಕ್ಕೆ ಕೊರೆಟಾ ಮಕ್ಕಳೊಂದಿಗೆ ಅದೇ ಊರಿನಲ್ಲಿ ಪೌರಕಾರ್ಮಿಕರ ಪರವಾಗಿ ಮೆರವಣಿಗೆ ನಡೆಸಿದರು. 1974ರ ಜೂನ್ 30ರ ಭಾನುವಾರ, ಎಬೆನೇಜರ್ ಚರ್ಚಿನಲ್ಲಿ ಆರ್ಗನ್ ಮುಂದೆ ಕುಳಿತಿದ್ದ ಆಲ್ಬರ್ಟಾ ಅವರನ್ನು ಯುವಕನೊಬ್ಬ ಗುಂಡಿಕ್ಕಿ ಕೊಂದ. ಅವನಿಗೆ ಮರಣದಂಡನೆ ವಿಧಿಸಲಾಯಿತು, ಕಿಂಗ್ ಕುಟುಂಬ ಅದನ್ನೂ ಒಪ್ಪಲಿಲ್ಲ. 1995ರಲ್ಲಿ ಅದು ಜೀವಾವಧಿ ಶಿಕ್ಷೆಯಾಗಿ ಬದಲಾಯಿತು. ಹೆಂಡತಿ, ಮಗ ಇಬ್ಬರನ್ನೂ ಕಳೆದುಕೊಂಡ ಹಿರಿಯ ಕಿಂಗ್ ದ್ವೇಷಕ್ಕೆ ಎಡೆಗೊಡದೆ 1984ರವರೆಗೆ ಬಾಳಿದರು. ಊಟದ ಹೊತ್ತಿನಲ್ಲಿ ಮಗನಿಗೆ ಹೇಳಿದ ಮಾತನ್ನು ಅವರು ತಮಗೂ ಅನ್ವಯಿಸಿಕೊಂಡರು.

ಈ ಕಥೆಗೆ ನಮ್ಮ ದೇಶದ ನಂಟೂ ಇದೆ. 1959ರಲ್ಲಿ ಜೂನಿಯರ್ ಕಿಂಗ್ ದಂಪತಿ ಭಾರತಕ್ಕೆ ಬಂದಿದ್ದರು. ತಿರುವನಂತಪುರದ ಒಂದು ಶಾಲೆಯಲ್ಲಿ ದಲಿತ ಮಕ್ಕಳೆದುರು ಮುಖ್ಯೋಪಾಧ್ಯಾಯರು, ಇವರು ಅಮೆರಿಕದ ಅಸ್ಪೃಶ್ಯರು ಎಂದು ಕಿಂಗ್ ಅವರನ್ನು ಪರಿಚಯಿಸಿದರು. ಕಿಂಗ್ ಅವರಿಗೆ ಮೊದಲು ಮುಜುಗರವಾಯಿತು. ಆಮೇಲೆ ಅದು ನಿಜವೆಂದು ಒಪ್ಪಿಕೊಂಡರು.

ಆ ಮಾತು ನಮ್ಮನ್ನೂ ಮುಟ್ಟಬೇಕು. ಬೇರೆ ಲೋಟ, ಬೇರೆ ಕೇರಿ, ಬಾಡಿಗೆಗೆ ಸಿಗದ ಮನೆ ಇವನ್ನು ನಮ್ಮ ಮಕ್ಕಳು ನೋಡುತ್ತಲೇ ಬೆಳೆಯುತ್ತಾರೆ. ಏಕೆ ಎಂದು ಅವರು ಕೇಳಿದಾಗ ಬಾಯಿ ಮುಚ್ಚಿಸಬೇಡಿ. ಅನ್ಯಾಯವನ್ನು ಅನ್ಯಾಯವೆಂದೇ ಹೇಳಿ, ನಮ್ಮ ಕೈಲಾಗುವುದೇನು ಎಂಬುದನ್ನೂ ಹೇಳಿ, ಅದನ್ನು ಮಾಡಿ ತೋರಿಸಿ. ಮಕ್ಕಳಿಗೆ ಭರವಸೆ ಕೊಡುವ ದಾರಿ ಇದೇ.