ಬಾಡಿ ಖಾಲಿ ಕಂಡರೂ ಆಕ್ಸಲ್‌ಗೆ ಭಾರ ತುಂಬಿರುತ್ತದೆ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕಬ್ಬಿಣದ ಕಂಬಿ ಹೊತ್ತು ಬರುವ ಪಿಕಪ್ ಗಾಡಿಯ ಬಾಡಿ ಮುಕ್ಕಾಲು ಪಾಲು ಖಾಲಿಯೇ ಕಾಣುತ್ತದೆ. ಇಷ್ಟು ಜಾಗ ಉಳಿದಿರುವಾಗ ಓವರ್‌ಲೋಡ್ ಹೇಗಾಯಿತು ಎಂದು ಕೇಳುವವರು ಬಹಳ. 12 ಎಂಎಂ ಕಂಬಿ ಮೀಟರಿಗೆ ಸುಮಾರು 890 ಗ್ರಾಂ ತೂಗುತ್ತದೆ. 12 ಮೀಟರಿನ ಒಂದು ಕಂಬಿ ಹತ್ತೂವರೆ ಕಿಲೋ ದಾಟುತ್ತದೆ. 2005ರಲ್ಲಿ ಬಂದ ಟಾಟಾ ಏಸ್ ಹೊರಬೇಕಿದ್ದದ್ದು 750 ಕಿಲೋ, ಅಂದರೆ ಅಂಥ 70 ಕಂಬಿ. ಆ ರಾಶಿಯಲ್ಲಿರುವ ಕಬ್ಬಿಣ ಒಂದು ಘನ ಮೀಟರಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಒಟ್ಟು ತೂಕದ ಮಿತಿಯಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಹೊರೆಯ ಮಿತಿ. ಕ್ಲೀನರ್, ಹಗ್ಗ, ಟಾರ್ಪಾಲು ಎಲ್ಲವೂ ಅದರೊಳಗೇ ಬರಬೇಕು.

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಬಹುದು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ಗಾಡಿಯಲ್ಲಿ 1,500 ಕಿಲೋ ಹೊರೆ ಇದೆ ಎನ್ನೋಣ. ಹೊರೆಯ ಭಾರಕೇಂದ್ರ ಹಿಂದಿನ ಆಕ್ಸಲ್‌ಗಿಂತ 40 ಸೆಂಟಿಮೀಟರ್ ಮುಂದಿದ್ದರೆ ಹಿಂದಕ್ಕೆ 1,300, ಮುಂದಕ್ಕೆ 200 ಕಿಲೋ ಹಂಚಿಕೆಯಾಗುತ್ತದೆ. ಉದ್ದದ ಕಂಬಿ ಹಿಂದಕ್ಕೆ ಚಾಚಿ, ಭಾರಕೇಂದ್ರ ಆಕ್ಸಲ್‌ನಿಂದ 50 ಸೆಂಟಿಮೀಟರ್ ಹಿಂದೆ ಸರಿದರೆ ಹಿಂದಿನ ಆಕ್ಸಲ್ ಮೇಲೆ 1,750 ಕಿಲೋ ಬೀಳುತ್ತದೆ. ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 250 ಕಿಲೋ ಇಳಿದು ಸ್ಟೇರಿಂಗ್ ಹಗುರಾಗುತ್ತದೆ. ತಿರುವಿನಲ್ಲಿ ಗಾಡಿ ಮಾತು ಕೇಳದಿರುವುದು ಇದರಿಂದಲೇ. ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದೇವೆ, ಗಾಡಿ ಕೂರುವುದಿಲ್ಲ ಎಂಬ ವಾದ ಗ್ಯಾರೇಜುಗಳಲ್ಲಿ ಸಾಮಾನ್ಯ. ಪ್ಲೇಟ್ ಬಾಡಿಯನ್ನು ಎತ್ತಿ ಹಿಡಿಯುತ್ತದೆ, ನಿಜ. ಆದರೆ ಬೇರಿಂಗ್, ಟೈರ್, ಬ್ರೇಕ್ ಹಳೆಯವೇ. ಓವರ್‌ಲೋಡನ್ನು ತೋರಿಸಿಕೊಡುತ್ತಿದ್ದ ಒಂದೇ ಗುರುತನ್ನು ಪ್ಲೇಟ್ ಮುಚ್ಚಿಹಾಕುತ್ತದೆ, ಅಷ್ಟೆ.

2018ರಲ್ಲಿ ಸರ್ಕಾರವೇ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತಲ್ಲ ಎನ್ನಬಹುದು. ಅದು ದೊಡ್ಡ ಲಾರಿಗಳಿಗೆ ಕಾನೂನು ಹಾಕಿದ ಗರಿಷ್ಠ ಗೆರೆ. ಪಿಕಪ್‌ಗೆ ಅದರ ಆರ್‌ಸಿಯಲ್ಲಿರುವ ಮಿತಿಯೇ ಮಿತಿ. ರಸ್ತೆ ಹಾಳಾಗುವ ವಿಚಾರದಲ್ಲಂತೂ ಮುಖ್ಯ ಆರೋಪಿ ಲಾರಿಯೇ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ನಡೆಸಿದ ಪರೀಕ್ಷೆಯಿಂದ, ಆಕ್ಸಲ್ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಹೆಚ್ಚುಕಡಿಮೆ 16 ಪಟ್ಟಾಗುತ್ತದೆ ಎಂದು ತಿಳಿಯಿತು. ಪಿಕಪ್‌ನ ಓವರ್‌ಲೋಡ್‌ನಿಂದ ಅಪಾಯವಿರುವುದು ಡಾಂಬರಿಗಿಂತ ಹೆಚ್ಚಾಗಿ ಅದರೊಳಗೆ ಕೂತವರಿಗೆ, ಎದುರಿನ ಬೈಕ್ ಸವಾರನಿಗೆ. 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ಮತ್ತೆ 2,000. ಲೋಡ್ ಮಾಡಿಸಿದ ಮೇಲೆ ವೇ ಬ್ರಿಡ್ಜ್ ಚೀಟಿಯನ್ನು ಆರ್‌ಸಿ ಜತೆ ತಾಳೆ ನೋಡಿ. ಹಿಂದಿನ ಚಕ್ರಗಳನ್ನಷ್ಟೇ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿಕೊಂಡೇ ಹೊರಡಿ.