ಮಹಾಪಧಮನಿಯ ಒಳನಾಳ ಚಿಕಿತ್ಸೆ ಮತ್ತು ಅನಂತರದ ತೊಡಕುಗಳು

ಉದರದ ಮಹಾಪಧಮನಿಯ ಗೋಡೆ ದುರ್ಬಲಗೊಂಡು ಹಿಗ್ಗುವ ಸ್ಥಿತಿಯನ್ನು ವೈದ್ಯಶಾಸ್ತ್ರವು 'ಅನ್ಯೂರಿಸಮ್' ಎಂದು ಗುರುತಿಸುತ್ತದೆ. ಸಹಜವಾಗಿ ಸುಮಾರು 2 ಸೆಂ.ಮೀ. ವ್ಯಾಸವುಳ್ಳ ಈ ನಾಳವು ಪುರುಷರಲ್ಲಿ 5.5 ಸೆಂ.ಮೀ. ಮುಟ್ಟಿದಾಗ ಸಾಮಾನ್ಯವಾಗಿ ಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ಉಬ್ಬು ಒಡೆದರೆ ಬದುಕುಳಿಯುವವರು ಕಡಿಮೆ. ಬಹುಕಾಲ, ಹೊಟ್ಟೆಯನ್ನು ತೆರೆದು ಕೃತಕ ನಾಳವನ್ನು ಹೊಲಿಯುವುದೇ ರೂಢಿಯ ಮಾರ್ಗವಾಗಿತ್ತು. 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊದೋಸ್ ಎದೆಯ ಭಾಗದ ಮಹಾಪಧಮನಿಯಲ್ಲಿಯೂ, 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ಉದರದ ಭಾಗದಲ್ಲಿಯೂ ಬಟ್ಟೆಯ ನಾಳವನ್ನು ತೊಡೆಸಂದಿನ ಅಪಧಮನಿಯ ಮೂಲಕ ಒಳಸೇರಿಸಿ, ಲೋಹದ ಆಧಾರದಿಂದ ನೆಲೆಗೊಳಿಸಿದರು.

ಈ ವಿಧಾನವು ಉಬ್ಬನ್ನು ತೆಗೆದುಹಾಕುವುದಿಲ್ಲ. ಬಿರುಕುಬಿಟ್ಟ ಕಾಲುವೆಯೊಳಗೆ ಕೊಳವೆಯನ್ನಿಟ್ಟು ನೀರು ಹಾಯಿಸಿದಂತೆ, ರಕ್ತದ ಒತ್ತಡದಿಂದ ಅದನ್ನು ಮರೆಮಾಡುತ್ತದೆ. ತೊಡಕುಗಳ ಮೂಲವಿರುವುದು ಇಲ್ಲಿಯೇ. ಕೊಳವೆಯ ಹೊರಗುಳಿದ ಉಬ್ಬಿನೊಳಕ್ಕೆ ರಕ್ತ ಮತ್ತೆ ಹರಿಯುವುದನ್ನು ಸಿಡ್ನಿಯ ಜೆಫ್ರಿ ವೈಟ್ ಮತ್ತು ಸಂಗಡಿಗರು 1996ರಲ್ಲಿ 'ಎಂಡೋಲೀಕ್' ಎಂದು ಹೆಸರಿಸಿದರು. ಕನ್ನಡದಲ್ಲಿ 'ಒಳಸೋರಿಕೆ' ಎನ್ನಬಹುದು. ಸೋರಿಕೆ ಎಂದೊಡನೆ ಹೊರಗೆ ಹರಿದುಹೋಗುವ ರಕ್ತವನ್ನೇ ಜನ ಕಲ್ಪಿಸಿಕೊಳ್ಳುವುದು ಸಹಜವಾದುದರಿಂದ 'ಒಳ' ಎಂಬ ಪೂರ್ವಪದವನ್ನು ಬಿಡುವಂತಿಲ್ಲ.

ಕೊಳವೆಯ ತುದಿಗಳು ನಾಳದ ಗೋಡೆಗೆ ಸರಿಯಾಗಿ ಕೂರದಿದ್ದರೆ ಮೊದಲ ಬಗೆಯ ಸೋರಿಕೆ. ಬಟ್ಟೆ ಹರಿದರೆ ಅಥವಾ ಜೋಡಣೆ ಕಳಚಿದರೆ ಮೂರನೆಯದು. ಇವೆರಡರಲ್ಲಿಯೂ ಪೂರ್ಣ ಒತ್ತಡದ ರಕ್ತವೇ ನುಗ್ಗುವುದರಿಂದ ವಿಳಂಬ ಸಲ್ಲದು. ಸೊಂಟದ ಸಣ್ಣ ಅಪಧಮನಿಗಳಿಂದ ರಕ್ತ ಹಿಮ್ಮುಖವಾಗಿ ಬರುವ ಎರಡನೆಯ ಬಗೆಯೇ ಹೆಚ್ಚು ಸಾಮಾನ್ಯ. ಅದು ಎಷ್ಟೋ ವೇಳೆ ತಾನಾಗಿಯೇ ನಿಲ್ಲುತ್ತದೆ. ಉಬ್ಬು ಬೆಳೆಯುತ್ತಿದ್ದರೆ ಮಾತ್ರ ಸಾಮಾನ್ಯವಾಗಿ ಮರುಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಕೊಳವೆಯ ಕವಲು ಹೆಪ್ಪುಗಟ್ಟಿ ಕಾಲು ತಣ್ಣಗಾಗುವುದು, ಕೊಳವೆ ಜಾರುವುದು, ವಿರಳವಾಗಿ ಸೋಂಕು ತಗಲುವುದು ಇತರ ತೊಡಕುಗಳು.

ಬ್ರಿಟನ್ನಿನ 'ಇವಾರ್-1' ಅಧ್ಯಯನವು 1999ರಿಂದ 2004ರವರೆಗೆ 1252 ರೋಗಿಗಳನ್ನು ಸೇರಿಸಿಕೊಂಡಿತು. ಮೊದಲ 30 ದಿನಗಳ ಮರಣ ಪ್ರಮಾಣ ಒಳನಾಳ ವಿಧಾನದಲ್ಲಿ ಶೇ. 1.8, ತೆರೆದ ಶಸ್ತ್ರಕ್ರಿಯೆಯಲ್ಲಿ ಶೇ. 4.3. ಆದರೆ 2016ರಲ್ಲಿ ಪ್ರಕಟವಾದ ದೀರ್ಘಾವಧಿ ಫಲಿತಾಂಶದಂತೆ, ಎಂಟು ವರ್ಷಗಳ ಬಳಿಕ ಒಳನಾಳ ವಿಧಾನಕ್ಕೆ ಒಳಗಾದವರಲ್ಲಿಯೇ ಸಾವು ಹೆಚ್ಚು. ಮರೆಮಾಡಿದ ಉಬ್ಬು ಮತ್ತೆ ಒಡೆದದ್ದು ಇದಕ್ಕೊಂದು ಮುಖ್ಯ ಕಾರಣ.

ಸಣ್ಣ ಗಾಯ ಮಾಯ್ದು ಬೇಗನೆ ಮನೆಗೆ ಮರಳಿದವರು 'ವಾಸಿಯಾಯಿತು' ಎಂದು ಭಾವಿಸುವುದು ಆಶ್ಚರ್ಯವಲ್ಲ. ಒಳಸೋರಿಕೆಯಾದರೋ ಸಾಮಾನ್ಯವಾಗಿ ನೋವಿಲ್ಲದೆಯೇ ಮುಂದುವರಿಯುತ್ತದೆ. ಆದುದರಿಂದ ಮೊದಲ ತಿಂಗಳಲ್ಲಿ ಸಿ.ಟಿ. ಸ್ಕ್ಯಾನ್, ಅನಂತರ ವೈದ್ಯರು ಗೊತ್ತುಪಡಿಸಿದ ಅವಧಿಗೊಮ್ಮೆ ಸ್ಕ್ಯಾನ್ ಅಥವಾ ಅಲ್ಟ್ರಾಸೌಂಡ್ ಜೀವಿತಪರ್ಯಂತ ನಡೆಯಬೇಕಾಗುತ್ತದೆ. ಹೊಟ್ಟೆ ಅಥವಾ ಬೆನ್ನಿನಲ್ಲಿ ಹಠಾತ್ತನೆ ನೋವು ಕಾಣಿಸಿಕೊಂಡರೆ ಮುಂದಿನ ತಪಾಸಣೆಗೆ ಕಾಯದೆ ಆಸ್ಪತ್ರೆ ಸೇರಬೇಕು.