ಸದ್ಯ, ಸಾರನ್ನ ಇರಲಿಲ್ಲ!

ಮೂರನೇ ಕ್ಲಾಸಿನ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅಳತೊಡಗಿದಳು. ಟಿಫನ್ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಚಿತ್ರಾನ್ನವೆಲ್ಲ ಬ್ಯಾಗಿನೊಳಗೆ ಚೆಲ್ಲಿತ್ತು. ಗಣಿತದ ನೋಟ್‌ಬುಕ್ಕಿಗೆ ಅರಿಸಿನದ ಬಣ್ಣ, ಪೆನ್ಸಿಲ್ ಬಾಕ್ಸಿನಲ್ಲಿ ಕಡಲೆಬೇಳೆ. ನಾನು ಶುರುಮಾಡಿದೆ: "ಎಷ್ಟೋ ಮಕ್ಕಳಿಗೆ ಊಟಾನೇ ಇರಲ್ಲ, ಗೊತ್ತಾ?" ಅಳು ಇನ್ನೂ ಜೋರಾಯಿತು. ಅವತ್ತು ಇವಳಿಗೂ ಇರಲಿಲ್ಲವಲ್ಲ!

ಅತ್ತೆ ಏನೂ ಹೇಳದೆ ಒಂದು ತಟ್ಟೆ ಅವಲಕ್ಕಿ ಕಲಸಿ ಕೊಟ್ಟರು. ಹಳೇ ಪೇಪರ್ ಹಾಸಿ, ಬ್ಯಾಗು ಬೋರಲು ಹಾಕಿ, ಪುಸ್ತಕದ ಸಂದಿಯಿಂದ ಸಾಸಿವೆ ಕೊಡವುತ್ತ ಕೂತರು. "ಮಿಸ್ ಏನಂದ್ರು? ಮಧ್ಯಾಹ್ನ ಏನು ಮಾಡ್ದೆ ಪುಟ್ಟಿ?" ಪಕ್ಕದ ಹುಡುಗಿ ಅರ್ಧ ಚಪಾತಿ ಕೊಟ್ಟಿದ್ದಳೆಂಬುದು ಆಗ ಹೊರಬಂತು. ಎಲ್ಲ ಕೇಳಿಯಾದ ಮೇಲೆ ಅತ್ತೆ, "ಸದ್ಯ, ನಿಮ್ಮಮ್ಮ ಸಾರನ್ನ ಕಳಿಸಿರಲಿಲ್ಲ ನೋಡು" ಅಂದರು. ಮಗಳು ಮೂಗೊರೆಸಿಕೊಂಡು ಕಿಸಕ್ಕನೆ ನಕ್ಕಳು.

'ಧನ್ಯವಾದ' ನಮ್ಮ ಮನೆಗಳಲ್ಲಿ ಅಷ್ಟಾಗಿ ಓಡಾಡುವ ಮಾತಲ್ಲ. ಅದು ವಂದನಾರ್ಪಣೆಗೆ ಸರಿ. 'ಸದ್ಯ', 'ಪುಣ್ಯಕ್ಕೆ' ಮಾತ್ರ ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತವೆ. ಡಬ್ಬಿ ಚೆಲ್ಲಿದ್ದನ್ನು 'ಸದ್ಯ' ಅಲ್ಲಗಳೆಯುವುದಿಲ್ಲ, ಉಳಿದದ್ದನ್ನೂ ಪಕ್ಕದಲ್ಲಿಟ್ಟು ತೋರಿಸುತ್ತದೆ. ಆದರೆ ದುಃಖ ಹೇಳಿಕೊಳ್ಳುವ ಮೊದಲೇ ಅಂದರೆ ಅದೇ ಮಾತು ಮಗುವಿಗೆ 'ಬಾಯ್ಮುಚ್ಚು' ಎಂದು ಕೇಳಿಸುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಫ್ರೋ ಮತ್ತು ಸಂಗಡಿಗರು ಆರು, ಏಳನೇ ತರಗತಿಯ 221 ಮಕ್ಕಳ ಮೇಲೆ ನಡೆಸಿದ ಕೃತಜ್ಞತೆಯ ಕುರಿತ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎರಡು ವಾರ ಕೆಲವು ತರಗತಿಗಳ ಮಕ್ಕಳು ತಮಗೆ ಒದಗಿದ ಒಳ್ಳೆಯದನ್ನು ದಿನಕ್ಕೆ ಐದರವರೆಗೆ ಬರೆದರು, ಕೆಲವರು ಕಿರಿಕಿರಿಗಳನ್ನು ಬರೆದರು, ಉಳಿದವರಿಗೆ ಎರಡೂ ಇಲ್ಲ. ಒಳ್ಳೆಯದನ್ನು ಬರೆದವರಿಗೆ ಶಾಲೆಯ ಬಗ್ಗೆ ಹೆಚ್ಚು ಸಮಾಧಾನವಿತ್ತು, ಮೂರು ವಾರದ ನಂತರವೂ.

ಇದನ್ನು ಓದಿದ ಉತ್ಸಾಹದಲ್ಲಿ ನಾನೂ ಮಗಳಿಗೊಂದು ಡೈರಿ ತಂದೆ. ಮೊದಲ ದಿನ 'ಅಪ್ಪ, ಅಮ್ಮ, ಅಜ್ಜಿ, ಐಸ್‌ಕ್ರೀಮ್'. ಎರಡನೇ ದಿನವೂ ಅದೇ. ನಾಲ್ಕನೇ ದಿನ ಮೇಲಿನಂತೆಯೇ ಎಂದು ಎರಡು ಗೀಟು. ಹೋಮ್‌ವರ್ಕ್ ಆಗಿಬಿಟ್ಟರೆ ಕೃತಜ್ಞತೆಯೂ ಮಗ್ಗಿಯೇ. ಡೈರಿ ಈಗ ಹಾಲಿನ ಲೆಕ್ಕಕ್ಕಿದೆ.

ಮೊನ್ನೆ ಮಳೆಗೆ ಕರೆಂಟ್ ಹೋಯಿತು. ಜಾರಿನಲ್ಲಿ ತೆಂಗಿನಕಾಯಿ ಹಾಗೇ ಕೂತಿತ್ತು, ನಾನು ಗೊಣಗುತ್ತಿದ್ದೆ. ಕತ್ತಲಲ್ಲೇ ಪಕ್ಕಕ್ಕೆ ಬಂದ ಮಗಳು, "ತುಂಬ ಬೇಜಾರಾಯ್ತಾ ಅಮ್ಮ?" ಎಂದು ಥೇಟ್ ಅಜ್ಜಿಯಂತೆ ವಿಚಾರಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು:

"ಸದ್ಯ, ಚಟ್ನಿಪುಡಿ ಇದೆ."